ಸವಾಯಿ ಜಯಸಿಂಹ ಮಹಾರಾಜನು

ದಿಲ್ಲಿಯ ಸಂಸದ್ ಮಾರ್ಗದಲ್ಲಿರುವ ಜಂತರ್ ಮಂತರ್ ಇಲ್ಲಿಯ ಕನ್ನಡಿಗರಿಗೆ ಅಪರಿಚಿತವಲ್ಲ. ಹೋಟೆಲಿನ ಕೆಲಸ ಮುಗಿಸಿ, ಕಚೇರಿಯ ಕಡತ ಕಟ್ಟಿಟ್ಟು ಆ ದಾರಿಯಾಗಿ ನಡೆಯುವ ನಮ್ಮವರು ಅನೇಕರು. ಅಲ್ಲಿಯ ಕೆಂಪು ಕಟ್ಟಡಗಳನ್ನು ಕಟ್ಟಿಸಿದ ಪುರುಷನ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಸವಾಯಿ ಜಯಸಿಂಹನು 1688ರಲ್ಲಿ ಆಮೇರಿನ ರಾಜವಂಶದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಪಟ್ಟವೇರಿ, ಮೊಗಲ ಸಾಮ್ರಾಜ್ಯವು ಕುಸಿಯುತ್ತಿದ್ದ ಕಾಲದಲ್ಲಿ ಯುದ್ಧ ಸಂಧಾನಗಳ ನಡುವೆ ಬಾಳಿದನು. 1727ರಲ್ಲಿ ಜಯಪುರ ನಗರವನ್ನು ಸ್ಥಾಪಿಸಿದನು. ಆದರೆ ಆತನ ಮನಸ್ಸು ನೆಟ್ಟಿದ್ದುದು ಆಕಾಶದಲ್ಲಿ. ಅಂದಿನ ಗಣಿತವು ಹೇಳುವ ಗ್ರಹಸ್ಥಾನಕ್ಕೂ ಕಣ್ಣಿಗೆ ಕಾಣುವ ಸ್ಥಾನಕ್ಕೂ ಹೊಂದಿಕೆಯಿರಲಿಲ್ಲ. ಹಿತ್ತಾಳೆಯ ಕಿರಿಯ ಯಂತ್ರಗಳು ಸವೆದು ಅಳತೆ ತಪ್ಪುವುದನ್ನು ಕಂಡು, ಆತನು ಕಲ್ಲುಗಾರೆಯಿಂದ ಅಲುಗದ ಮಹಾಯಂತ್ರಗಳನ್ನು ಕಟ್ಟಿಸಿದನು. 1724ರಲ್ಲಿ ದಿಲ್ಲಿಯ ವೇಧಶಾಲೆ ಎದ್ದಿತು. ಜಯಪುರ, ಮಥುರಾ, ಉಜ್ಜಯಿನಿ, ಕಾಶಿಗಳಲ್ಲಿ ಇನ್ನು ನಾಲ್ಕು ಎದ್ದವು. ಪೋರ್ತುಗಲ್ಲಿಗೆ ನಿಯೋಗವನ್ನು ಕಳುಹಿಸಿ ತರಿಸಿದ ಲಾ ಹೀರನ ಸಾರಣಿಯಲ್ಲಿಯೂ ಚಂದ್ರಸ್ಥಾನವು ಅರ್ಧ ಡಿಗ್ರಿಯಷ್ಟು ತಪ್ಪುವುದನ್ನು ಆತನು ಗುರುತಿಸಿದನು.

ಬಾದಶಹ ಮುಹಮ್ಮದ್ ಶಹನ ಹೆಸರಿನಲ್ಲಿ ರಚಿಸಿದ ತನ್ನ ಗ್ರಂಥದಲ್ಲಿ, ದೂರದರ್ಶಕದಿಂದ ಗುರುಗ್ರಹದ ಬಳಿ ಕಂಡ ನಾಲ್ಕು ಉಜ್ವಲ ತಾರೆಗಳ ಸಂಗತಿಯನ್ನೂ ಆತನು ದಾಖಲಿಸಿದ್ದಾನೆ. ಅವು ಗೆಲಿಲಿಯೋ 1610ರಲ್ಲಿ ಕಂಡ ಗುರುವಿನ ಚಂದ್ರರು. ಅವುಗಳಲ್ಲಿ ಯೂರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ ಎಂಬ ಮೂರು ಮಂಜಿನ ಕವಚ ತೊಟ್ಟ ಲೋಕಗಳೆಂದು ಇಂದು ಬಲ್ಲೆವು.

ಇಂತಹ ಲೋಕದ ಗರ್ಭವನ್ನು ಅರಿಯುವ ಬಗೆ ಹೇಗೆ? ತೆಂಗಿನಕಾಯನ್ನು ಒಡೆಯುವ ಮೊದಲು ಕಿವಿಯ ಬಳಿ ಕುಲುಕಿ ಒಳಗಿನ ನೀರನ್ನು ತಿಳಿಯುವವರು ನಾವು. ವಿಜ್ಞಾನಿಗಳ ಉಪಾಯವೂ ಹೆಚ್ಚು ಬೇರೆಯಲ್ಲ. ಶನಿಯ ಎನ್ಸೆಲಾಡಸ್ ಎಂಬ ಮಂಜಿನ ಚಂದ್ರವು ನಮ್ಮ ಚಂದ್ರನಂತೆ ಒಂದೇ ಮುಖವನ್ನು ತನ್ನ ಗ್ರಹಕ್ಕೆ ತೋರುತ್ತ ಸುತ್ತುತ್ತದೆ. ಅದರ ಕಕ್ಷೆಯು ಪೂರ್ಣ ವೃತ್ತವಲ್ಲದ ಕಾರಣ, ಸುತ್ತುವಾಗ ತೊಟ್ಟಿಲಿನಂತೆ ತುಸು ಅತ್ತಿತ್ತ ತೂಗುತ್ತದೆ. ಒಳಗಿನವರೆಗೂ ಗಟ್ಟಿಯಾಗಿದ್ದರೆ ಈ ತೂಗಾಟವು ಅತ್ಯಲ್ಪ. ನಡುವೆ ನೀರಿದ್ದರೆ ಕವಚವು ತಿರುಳಿನಿಂದ ಬಿಡಿಯಾಗಿ ಹೆಚ್ಚು ತೂಗುತ್ತದೆ. ಕ್ಯಾಸಿನಿ ನೌಕೆಯು ವರ್ಷಗಳ ಕಾಲ ತೆಗೆದ ಚಿತ್ರಗಳಿಂದ 2015ರಲ್ಲಿ ತಿಳಿದುಬಂದ ಅಳತೆ 0.12 ಡಿಗ್ರಿ. ಜಯಸಿಂಹನು ಕಂಡ ತಪ್ಪಿನ ಸುಮಾರು ಕಾಲು ಭಾಗ! ಮಂಜಿನಡಿಯಲ್ಲಿ ಆ ಲೋಕವನ್ನೆಲ್ಲ ಆವರಿಸಿದ ಸಾಗರವಿದೆಯೆಂಬುದಕ್ಕೆ ಅಷ್ಟೇ ಸಾಕ್ಷಿ ಸಾಕಾಯಿತು.

ಜಯಸಿಂಹನು 1743ರಲ್ಲಿ ತೀರಿಕೊಂಡನು. ಆ ಸಾಗರಗಳ ಸುಳಿವು ಆತನಿಗಿರಲಿಲ್ಲ. ಆದರೆ ಲೆಕ್ಕಕ್ಕೂ ನೋಟಕ್ಕೂ ನಡುವಣ ಅಲ್ಪ ಅಂತರವನ್ನು ಕಡೆಗಣಿಸಬಾರದೆಂಬ ಆತನ ಹಟವೇ ಇಂದಿಗೂ ಖಗೋಲಶಾಸ್ತ್ರದ ಜೀವಾಳ. ದಿನದ ಲೆಕ್ಕದಲ್ಲಿ ಒಂದು ಕಾಸು ಹೊಂದದಿದ್ದರೆ ರಾತ್ರಿಯೆಲ್ಲ ಕುಳಿತು ಹುಡುಕುವ ನಮ್ಮ ಗುಮಾಸ್ತ ಬಂಧುಗಳಿಗೆ ಈ ಹಟದ ಬೆಲೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.