ಕರ್ಮವೀರ ಭಾವೂರಾವ್ ಪಾಟೀಲ: ದುಡಿಯುತ್ತ ಓದುವ ಮಕ್ಕಳ ಮೇಷ್ಟ್ರು

ಬೋಧನಾಭ್ಯಾಸಕ್ಕೆ ಹೋದ ನಮ್ಮ ಪ್ರಶಿಕ್ಷಣಾರ್ಥಿಗಳು ಪ್ರೌಢಶಾಲೆಯಲ್ಲಿ ವೃತ್ತಿ ಮಾರ್ಗದರ್ಶನದ ಪಾಠ ತೆಗೆದುಕೊಂಡಾಗ ನಾಯಕತ್ವದ ಗುಣಗಳನ್ನು ಹಲಗೆಯ ಮೇಲೆ ಪಟ್ಟಿ ಮಾಡುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ. ಅಲ್ಲಿಗೆ ಪಾಠ ಮುಗಿಯುತ್ತದೆ. ನೆರೆಯ ಸಾತಾರಾದಲ್ಲಿ ಒಬ್ಬರು ಇದೇ ಪಾಠವನ್ನು ಹಲಗೆಯಿಲ್ಲದೆ, ಅಡುಗೆಮನೆಯಲ್ಲಿ ಮತ್ತು ಹೊಲದಲ್ಲಿ ನಲವತ್ತು ವರ್ಷ ಮಾಡಿದರು. ಅವರು ಕರ್ಮವೀರ ಭಾವೂರಾವ್ ಪಾಟೀಲರು.

ಅವರು ಹುಟ್ಟಿದ್ದು 1887ರಲ್ಲಿ, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ. ಜೈನ ರೈತ ಮನೆತನ. ಹಿರಿಯರು ನಮ್ಮ ಮೂಡಬಿದಿರೆಯ ಕಡೆಯಿಂದ ಹೋದವರೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ತಂದೆ ಕಂದಾಯ ಇಲಾಖೆಯ ಗುಮಾಸ್ತರು. ಓದಲು ಕೊಲ್ಹಾಪುರದ ಜೈನ ವಿದ್ಯಾರ್ಥಿ ನಿಲಯದಲ್ಲಿದ್ದಾಗ ಅಸ್ಪೃಶ್ಯ ಮಕ್ಕಳ ವಸತಿ ನಿಲಯವೊಂದರ ಸಮಾರಂಭಕ್ಕೆ ಹೋಗಿ ಬಂದರು. ಸ್ನಾನ ಮಾಡಿ ಒಳಗೆ ಬಾ ಎಂದರೆ ಒಪ್ಪಲಿಲ್ಲ. ನಿಲಯ ಅವರನ್ನು ಹೊರಗೆ ಹಾಕಿತು. ಶಾಹು ಮಹಾರಾಜರು ಆಶ್ರಯ ಕೊಟ್ಟರು. ಓದು ಮಾತ್ರ ಮುಂದೆ ಸಾಗಲಿಲ್ಲ. ಗಣಿತದಲ್ಲಿ ತಪ್ಪಿದ ಹುಡುಗನನ್ನು ಮೇಲಿನ ತರಗತಿಗೆ ಕಳಿಸುವಂತೆ ಮಹಾರಾಜರೇ ಶಿಫಾರಸು ಮಾಡಿದರೂ, ಬೇಕಾದರೆ ಅವನು ಕೂರುವ ಬೆಂಚನ್ನು ತೇರ್ಗಡೆ ಮಾಡುತ್ತೇನೆ, ಅವನನ್ನಲ್ಲ ಎಂದು ಮೇಷ್ಟ್ರು ನಿರಾಕರಿಸಿದರೆಂಬ ಕತೆ ಪ್ರಸಿದ್ಧವಾಗಿದೆ. ಆ ಮೇಷ್ಟ್ರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅರಸರ ಮಾತಿಗೂ ಅಂಕ ತಿದ್ದದ ಮೇಷ್ಟ್ರು ಎಷ್ಟು ಮಂದಿ ಸಿಗುತ್ತಾರೆ? ತಮಾಷೆಯೆಂದರೆ ಮುಂದೆ ಸಾತಾರಾದಲ್ಲಿ ಇದೇ ಹುಡುಗ ಮನೆಪಾಠ ಹೇಳಿ ಪಾಟೀಲ ಮಾಸ್ತರ್ ಎಂದೇ ಹೆಸರಾದರು.

ಆಮೇಲೆ ಕಿರ್ಲೋಸ್ಕರ ಕಂಪನಿಯ ಕಬ್ಬಿಣದ ನೇಗಿಲು ಮಾರುವ ಕೆಲಸ ಹಿಡಿದರು. ಬೆಳಗಾವಿಯಲ್ಲಿ ಹುಟ್ಟಿ ಕಿರ್ಲೋಸ್ಕರವಾಡಿಗೆ ಹೋದ ಅದೇ ಕಂಪನಿ. ನೇಗಿಲು ಹೊತ್ತು ಹಳ್ಳಿ ಹಳ್ಳಿ ಸುತ್ತಿದಾಗ ಕಂಡದ್ದು, ರೈತರ ಮಕ್ಕಳಿಗೆ ಶಾಲೆಯೇ ಇಲ್ಲ. ಶಾಲೆ ಇದ್ದ ಊರಲ್ಲಿ ಉಳಿದುಕೊಳ್ಳಲು ಜಾಗವಿಲ್ಲ. 1919ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಆರಂಭವಾಯಿತು. 1924ರಲ್ಲಿ ಸಾತಾರಾದಲ್ಲಿ ವಸತಿ ನಿಲಯ. 1927ರಲ್ಲಿ ಗಾಂಧೀಜಿಯವರು ಬಂದು ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು.

ಆ ನಿಲಯವೇ ಅವರ ನಿಜವಾದ ತರಗತಿ. ಮರಾಠ, ಮಹಾರ, ಮುಸಲ್ಮಾನ, ಜೈನ ಹುಡುಗರು ಒಂದೇ ಸೂರಿನಡಿ ಇದ್ದರು. ಹಿಟ್ಟು ಕಲಸುವುದು, ರೊಟ್ಟಿ ಸುಡುವುದು, ಪಾತ್ರೆ ತೊಳೆಯುವುದು, ಕಸ ಗುಡಿಸುವುದು ಎಲ್ಲವೂ ಹುಡುಗರದೇ ಸರದಿ. ಇಂದಿನ ಹಾಸ್ಟೆಲಿಗೆ ಹೋಲಿಸಿ ಇದೇನು ದೊಡ್ಡದು ಎನ್ನಬಹುದು. ಆ ಕಾಲದಲ್ಲಿ ಯಾರು ಸುಟ್ಟ ರೊಟ್ಟಿಯನ್ನು ಯಾರು ತಿಂದರು ಎಂಬುದೇ ಊರಿನ ಜಗಳ. ಇಂದು ಅಡುಗೆಮನೆ ಯಾರ ಸರದಿಯೋ ಅವನು ಹೇಳಿದಂತೆ ಉಳಿದವರು ಕೇಳಬೇಕು. ನಾಳೆ ಅವನು ಇನ್ನೊಬ್ಬನ ಮಾತು ಕೇಳಬೇಕು. ಜಾತಿಯಿಂದ ಬಂದ ಹಿರಿತನ ಅಲ್ಲಿ ನಡೆಯುವುದಿಲ್ಲ. ನಾಯಕತ್ವ ಕಲಿಸಲು ಇದಕ್ಕಿಂತ ಕಷ್ಟದ ಪಾಠ ನನಗೆ ತೋಚುವುದಿಲ್ಲ.

ಈ ಊಟದ ಖರ್ಚು ಎಲ್ಲಿಂದ ಬರಬೇಕು? ದವಸ ತೀರಿದ ದಿನಗಳಲ್ಲಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟುಬಿಟ್ಟರು. ಅವರು 1930ರಲ್ಲೇ ತೀರಿಕೊಂಡರು. ಪಾಟೀಲರ ಹೆಸರಿನ ಪಕ್ಕದಲ್ಲಿ ಅವರ ಹೆಸರೂ ಇರಬೇಕಾದದ್ದು ನ್ಯಾಯ.

1940ರಲ್ಲಿ ಸಾತಾರಾದಲ್ಲಿ ಸಯಾಜಿರಾವ್ ಮಹಾರಾಜರ ಹೆಸರಿನ ಪ್ರೌಢಶಾಲೆ ತೆರೆದರು. ಅಲ್ಲಿ ದುಡಿ ಮತ್ತು ಕಲಿ ಎಂಬುದೇ ಕ್ರಮ. ಹುಡುಗ ಹೊಲದಲ್ಲಿ, ಕಟ್ಟಡದಲ್ಲಿ ದುಡಿಯುತ್ತಾನೆ. ಅವನ ಓದು, ವಸತಿ ನಡೆಯುತ್ತದೆ. ದಾನ ಪಡೆದವನ ತಲೆ ತಗ್ಗುತ್ತದೆ, ದುಡಿದು ಓದಿದವನದು ತಗ್ಗುವುದಿಲ್ಲ ಎಂಬುದು ಅವರ ನಂಬಿಕೆ. ಕೈಕೆಲಸದಿಂದ ಓದು ಹಿಂದೆ ಬೀಳದೇ ಎಂಬ ಪ್ರಶ್ನೆ ಇದ್ದೇ ಇದೆ. ದಣಿದ ಹುಡುಗ ಸಂಜೆ ಪುಸ್ತಕದ ಮುಂದೆ ತೂಗುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ಹುಡುಗರ ಮುಂದಿದ್ದ ಇನ್ನೊಂದು ದಾರಿ ಪೂರ್ತಿ ಓದಲ್ಲ, ಪೂರ್ತಿ ಕೂಲಿ. ಅದನ್ನು ಮರೆತು ತೀರ್ಪು ಕೊಡಬಾರದು.

ನಮ್ಮಂಥವರಿಗೆ ಮುಖ್ಯವಾದದ್ದು ಇನ್ನೊಂದಿದೆ. 1935ರಲ್ಲೇ ಅವರು ಹಳ್ಳಿಯ ಶಿಕ್ಷಕರಿಗಾಗಿ ತರಬೇತಿ ಕಾಲೇಜು ತೆರೆದಿದ್ದರು. ಮುಂದೆ ಹಳ್ಳಿಗಳಲ್ಲಿ ನೂರಾರು ಸ್ವಯಂಸೇವಿ ಶಾಲೆಗಳನ್ನು ಎಬ್ಬಿಸಿದಾಗ ಅಲ್ಲಿ ತಯಾರಾದವರು ಕೈಗೆ ಬಂದರು. ಶಾಲೆ ಇಲ್ಲದ ಊರಿಗೆ ಹೋಗಿ ಗುಡಿಯ ಜಗಲಿಯಲ್ಲೋ ಚಾವಡಿಯಲ್ಲೋ ಮಕ್ಕಳನ್ನು ಕೂರಿಸಿ ಶಾಲೆ ಆರಂಭಿಸುವುದು ಒಬ್ಬ ಇಪ್ಪತ್ತರ ತರುಣನಿಗೆ ಸಣ್ಣ ಹೊಣೆಯಲ್ಲ. ಊರ ಹಿರಿಯರನ್ನು ಒಪ್ಪಿಸಬೇಕು, ದನ ಕಾಯುವ ಹುಡುಗನನ್ನು ಅವನ ತಂದೆಯಿಂದ ಕೇಳಿ ತರಬೇಕು.

1948ರಲ್ಲಿ ಸರ್ಕಾರವನ್ನು ಟೀಕಿಸಿದ್ದಕ್ಕೆ ಸಂಸ್ಥೆಯ ಅನುದಾನ ನಿಂತುಹೋಯಿತು. ಪಾಟೀಲರು ಶಾಲೆ ಮುಚ್ಚಲಿಲ್ಲ, ಜನರ ಬಳಿಗೆ ಹೋದರು. ಅನುದಾನ ಮತ್ತೆ ಬಂತು. ಅದಕ್ಕೂ ಮೊದಲೇ, 1947ರಲ್ಲಿ, ಸಾತಾರಾದಲ್ಲಿ ಛತ್ರಪತಿ ಶಿವಾಜಿಯ ಹೆಸರಿನ ಕಾಲೇಜು ಆರಂಭವಾಗಿತ್ತು. ದುಡಿ ಮತ್ತು ಕಲಿ ಕ್ರಮ ಅಲ್ಲಿಗೂ ಏರಿತ್ತು.

1959ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯ, ಗಣಿತದಲ್ಲಿ ತಪ್ಪಿ ಶಾಲೆ ಬಿಟ್ಟಿದ್ದ ಈ ಮೇಷ್ಟ್ರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಮೇ 9ರಂದು ಪುಣೆಯ ಆಸ್ಪತ್ರೆಯಲ್ಲಿ ತೀರಿಕೊಂಡರು.