ಎ.ಸಿ. ವಿದ್ಯುತ್ತಿಗೆ ಲೆಕ್ಕ ಕಲಿಸಿದ ಸ್ಟೈನ್‌ಮೆಟ್ಸ್

ನಮ್ಮ ಸಂಘದ ಹಿರಿಯರಲ್ಲಿ ಹಲವರು ಮೊದಲ ಸಲ ಅಮೆರಿಕಕ್ಕೆ ಬಂದಿಳಿದಾಗ ಒಂದು ಕೈಯಲ್ಲಿ ಪಾಸ್‌ಪೋರ್ಟ್, ಇನ್ನೊಂದರಲ್ಲಿ ಎದೆಯ ಎಕ್ಸ್-ರೇ ಇದ್ದ ದೊಡ್ಡ ಲಕೋಟೆ ಹಿಡಿದು ಸಾಲಿನಲ್ಲಿ ನಿಂತವರು. ಅಧಿಕಾರಿ ಮುದ್ರೆ ಒತ್ತುವ ತನಕ ಜೀವ ಹಿಡಿಯಷ್ಟಾಗಿತ್ತೆಂದು ಈಗ ನಗುತ್ತಾ ಹೇಳುತ್ತಾರೆ. 1889ರ ಜೂನ್ ತಿಂಗಳ ಆರಂಭದಲ್ಲಿ ನ್ಯೂಯಾರ್ಕ್ ಬಂದರಿನ ಕ್ಯಾಸಲ್ ಗಾರ್ಡನ್‌ನಲ್ಲಿ ಇಂಥದೇ ಸಾಲಿನಲ್ಲಿ 24 ವರ್ಷದ ಜರ್ಮನ್ ಯುವಕನೊಬ್ಬ ನಿಂತಿದ್ದ. ಎತ್ತರ ಸುಮಾರು ನಾಲ್ಕು ಅಡಿ. ಬೆನ್ನು ಗೂನು, ಸೊಂಟದ ಕೀಲು ಸೊಟ್ಟ, ಜೇಬು ಖಾಲಿ, ಇಂಗ್ಲಿಷ್ ಅಷ್ಟಕ್ಕಷ್ಟೆ. ತನ್ನ ಹೊಟ್ಟೆ ತಾನು ಹೊರೆಯಲಾರದವರನ್ನು ಒಳಗೆ ಬಿಡಬಾರದೆಂಬ ಕಾನೂನು 1882ರಲ್ಲೇ ಬಂದಿತ್ತು. ಅಧಿಕಾರಿಗಳು ವಾಪಸು ಕಳಿಸಲು ಮುಂದಾದರು. ಜೊತೆಗೆ ಬಂದಿದ್ದ ಸಹಪಾಠಿ ಆಸ್ಕರ್ ಆಸ್ಮುಸೆನ್ ತನ್ನಲ್ಲಿದ್ದ ಹಣ ತೋರಿಸಿ, ಇವನ ಹೊಣೆ ನನ್ನದೆಂದು ಹೇಳಿದ ಮೇಲೆ ಬಾಗಿಲು ತೆರೆಯಿತು.

ಆ ಯುವಕನೇ ಮುಂದೆ ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್ ಎಂದು ಹೆಸರಾದವರು. ಇಂದು ನಮ್ಮ ಮನೆಯ ಗೋಡೆಯ ಪ್ಲಗ್ಗಿನಲ್ಲಿ ಬರುವ ಎ.ಸಿ. ವಿದ್ಯುತ್ತಿನ ಲೆಕ್ಕವನ್ನು ಎಂಜಿನಿಯರುಗಳು ಮಾಡುವುದು ಅವರು ತೋರಿಸಿದ ದಾರಿಯಲ್ಲೇ.

ಅವರು ಹುಟ್ಟಿದ್ದು 1865ರ ಏಪ್ರಿಲ್ 9ರಂದು, ಬ್ರೆಸ್ಲೌ ನಗರದಲ್ಲಿ. ಈಗ ಅದು ಪೋಲೆಂಡಿಗೆ ಸೇರಿ ವ್ರೋತ್ಸ್ವಾಫ್ ಎನಿಸಿಕೊಂಡಿದೆ. ತಂದೆ ರೈಲ್ವೆ ನೌಕರ. ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ನಾವು ವೈದ್ಯರು ಕೈಫೋಸಿಸ್ ಎಂದು ಕರೆಯುವ ಈ ಗೂನು ತಂದೆಗೂ ಇತ್ತು, ಅಜ್ಜನಿಗೂ ಇತ್ತು. ಬ್ರೆಸ್ಲೌ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದಾಗ ಸಮಾಜವಾದದ ಗೀಳು ಹತ್ತಿತು. ಬಿಸ್ಮಾರ್ಕನ ಕಾಲದಲ್ಲಿ ಅದು ಅಪರಾಧ. ಪದವಿ ಕೈಗೆ ಬರುವ ಮೊದಲೇ, 1888ರಲ್ಲಿ, ಊರು ಬಿಟ್ಟು ಜೂರಿಕ್ಕಿಗೆ ಓಡಬೇಕಾಯಿತು. ಅಲ್ಲಿಂದ ಅಮೆರಿಕ. ಇಲ್ಲಿಗೆ ಬಂದ ಮೇಲೆ ಕಾರ್ಲ್ ಹೋಗಿ ಚಾರ್ಲ್ಸ್ ಆದರು. ಪ್ರೋಟಿಯಸ್ ಎಂಬುದು ಕಾಲೇಜಿನ ಗೆಳೆಯರು ಇಟ್ಟಿದ್ದ ಅಡ್ಡಹೆಸರು. ಬೇಕೆಂದ ರೂಪ ತಾಳುವ ಗ್ರೀಕ್ ಸಮುದ್ರದೇವತೆಯದು. ಕರೆಯಲು ಬಾರದ ನಮ್ಮ ಹೆಸರುಗಳನ್ನು ಇಲ್ಲಿನವರಿಗಾಗಿ ತುಂಡರಿಸಿ ಕೊಡುವ ನಾವು, ಹೆಸರನ್ನು ಹೀಗೆ ಉದ್ದ ಮಾಡಿಕೊಂಡವರನ್ನು ಮೆಚ್ಚಲೇಬೇಕು!

ಯಾಂಕರ್ಸ್‌ನಲ್ಲಿ ರುಡಾಲ್ಫ್ ಐಕೆಮೇಯರ್ ಎಂಬ ಹಿರಿಯ ಜರ್ಮನ್ ವಲಸಿಗರ ಕಾರ್ಖಾನೆಯಲ್ಲಿ ವಾರಕ್ಕೆ 12 ಡಾಲರಿನ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಆಗ ಎ.ಸಿ. ಮತ್ತು ಡಿ.ಸಿ. ನಡುವೆ ಜಗಳ ಜೋರಾಗಿದ್ದ ಕಾಲ. ಡಿ.ಸಿ. ಎಂದರೆ ಕಾಲುವೆಯ ನೀರು, ಒಂದೇ ಕಡೆಗೆ ಹರಿಯುತ್ತದೆ. ಎ.ಸಿ. ಎಂದರೆ ನಮ್ಮ ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದ ಹಗ್ಗ. ಹಗ್ಗ ಎಲ್ಲಿಗೂ ಹೋಗುವುದಿಲ್ಲ, ಅತ್ತ ಇತ್ತ ಅಷ್ಟೆ. ಆದರೂ ಬೆಣ್ಣೆ ಬರುತ್ತದೆ. ಅಮೆರಿಕದ ತಂತಿಯಲ್ಲಿ ಇದು ಸೆಕೆಂಡಿಗೆ 60 ಸಲ, ಭಾರತದಲ್ಲಿ 50 ಸಲ ನಡೆಯುತ್ತದೆ.

ಎ.ಸಿ. ಗೆದ್ದದ್ದು ಟ್ರಾನ್ಸ್‌ಫಾರ್ಮರಿನ ಬಲದಿಂದ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಪ್ರವಾಹ ಹತ್ತರಲ್ಲೊಂದು ಪಾಲು ಸಾಕು, ತಂತಿ ಕಾದು ಆಗುವ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು ಸೆಕೆಂಡಿಗೆ ಅಷ್ಟು ಸಲ ಅತ್ತ ಇತ್ತ ಕಾಂತವಾಗಿಸುವಾಗ ಅದು ಒಲ್ಲೆನೆಂದು ಹಟ ಮಾಡುತ್ತದೆ. ಆ ಹಟವೇ ಶಾಖವಾಗುತ್ತದೆ. ಇದೇ ಹಿಸ್ಟೆರಿಸಿಸ್. ಎಷ್ಟು ಕಾಯುತ್ತದೆಂದು ಯಂತ್ರ ಕಟ್ಟಿ ನೋಡಿದ ಮೇಲೇ ತಿಳಿಯಬೇಕಿತ್ತು. 1892ರಲ್ಲಿ ಸ್ಟೈನ್‌ಮೆಟ್ಸ್ ಅದಕ್ಕೊಂದು ಸೂತ್ರ ಕೊಟ್ಟರು: ನಷ್ಟವು ಕಾಂತತೆಯ 1.6ನೇ ಘಾತದಂತೆ ಏರುತ್ತದೆ. ಕಾಂತತೆ ಎರಡು ಪಟ್ಟಾದರೆ ನಷ್ಟ ಸುಮಾರು ಮೂರು ಪಟ್ಟು. ಅಲ್ಲಿಂದ ಯಂತ್ರವನ್ನು ಮೊದಲು ಕಾಗದದ ಮೇಲೆ ಕಟ್ಟಬಹುದಾಯಿತು.

ಇದಕ್ಕಿಂತ ದೊಡ್ಡದು ಮರುವರ್ಷ ಷಿಕಾಗೋ ಸಮ್ಮೇಳನದಲ್ಲಿ ಅವರು ಮಂಡಿಸಿದ ಪ್ರಬಂಧ. ಬಲ್ಬಿನಲ್ಲಿ ವೋಲ್ಟೇಜು, ಪ್ರವಾಹ ಎರಡೂ ಜೊತೆಜೊತೆಗೆ ಏರಿ ಇಳಿಯುತ್ತವೆ. ತಂತಿಯ ಸುರುಳಿಯಲ್ಲಿ ಹಾಗಲ್ಲ, ಪ್ರವಾಹ ಕಾಲು ಸುತ್ತು ಹಿಂದೆ ಬೀಳುತ್ತದೆ. ಕೆಪ್ಯಾಸಿಟರಿನಲ್ಲಿ ಕಾಲು ಸುತ್ತು ಮುಂದೆ ಓಡುತ್ತದೆ. ಆದ್ದರಿಂದ 3 ಓಮ್ ರೋಧವೂ 4 ಓಮ್ ಸುರುಳಿಯೂ ಸೇರಿದರೆ 7 ಆಗುವುದಿಲ್ಲ, 5 ಆಗುತ್ತದೆ. ಮೂರು ಹೆಜ್ಜೆ ಪೂರ್ವಕ್ಕೆ, ನಾಲ್ಕು ಹೆಜ್ಜೆ ಉತ್ತರಕ್ಕೆ ನಡೆದವನು ಹೊರಟ ಜಾಗದಿಂದ ಐದೇ ಹೆಜ್ಜೆ ದೂರವಿರುತ್ತಾನಲ್ಲ, ಹಾಗೆ. ಈ ಕಾಲು ಸುತ್ತುಗಳ ಲೆಕ್ಕವನ್ನು ಆಗಿನ ಎಂಜಿನಿಯರುಗಳು ಕಲನಶಾಸ್ತ್ರದ ಪುಟಗಟ್ಟಲೆ ಸಮೀಕರಣಗಳಲ್ಲಿ ಬಿಡಿಸಿ ಸುಸ್ತಾಗುತ್ತಿದ್ದರು.

ಪಿ.ಯು.ಸಿ.ಯಲ್ಲಿ ಮೈನಸ್ ಒಂದರ ವರ್ಗಮೂಲ ಕಲಿತಾಗ, ಇಲ್ಲದ ಸಂಖ್ಯೆಯಿಂದ ಯಾರಿಗೇನು ಉಪಯೋಗವೆಂದು ಗೊಣಗಿದವರಲ್ಲಿ ನಾವೂ ಒಬ್ಬರು. ಸ್ಟೈನ್‌ಮೆಟ್ಸ್ ಅದನ್ನು ಎಡಕ್ಕೆ ಕಾಲು ಸುತ್ತು ತಿರುಗು ಎಂಬ ಆಜ್ಞೆಯಾಗಿ ಬಳಸಿದರು. ಎರಡು ಸಲ ಎಡಕ್ಕೆ ತಿರುಗಿದರೆ ಮುಖ ಹಿಂದಕ್ಕಾಗುತ್ತದೆ. ಮೈನಸ್ ಒಂದು ಎಂದರೆ ಅದೇ. ಈ ಸಂಕೀರ್ಣ ಸಂಖ್ಯೆಗಳಿಂದ ಎ.ಸಿ. ಮಂಡಲದ ಸಮಸ್ಯೆ ಕೂಡಿ ಕಳೆಯುವ ಬೀಜಗಣಿತವಾಗಿಬಿಟ್ಟಿತು. 1897ರಲ್ಲಿ ಇದನ್ನೇ ಗ್ರಂಥವಾಗಿ ಹೊರತಂದರು. ಮುಂದೆ ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ವರ್ಷಗಟ್ಟಲೆ ಕಲಿಸಿದರು.

ಐಕೆಮೇಯರ್ ಕಾರ್ಖಾನೆಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿ ಕೊಂಡಾಗ ಸ್ಟೈನ್‌ಮೆಟ್ಸ್ ಅದರ ಜೊತೆಗೇ ಹೋಗಿ, 1894ರಲ್ಲಿ ಸ್ಕೆನೆಕ್ಟಡಿಯಲ್ಲಿ ನೆಲೆಸಿದ್ದರು. ಆ ಕಂಪನಿಯ ಹೆಸರು ಮೈಸೂರಿನವರಿಗೂ ಹಳೆಯ ಪರಿಚಯ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಗೆ ವಿದ್ಯುತ್ ಯಂತ್ರಗಳು ಬಂದದ್ದು ಅದರಿಂದಲೇ. 1902ರ ಜೂನ್ 30ರಂದು ಕಾವೇರಿಯ ಎ.ಸಿ. ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದನ್ನು ನೋಡಲು ದಿವಾನರು ಉಳಿದಿರಲಿಲ್ಲ.

ಇನ್ನು ಅವರ ಮನೆಯ ವಿಷಯ. ತನ್ನ ಗೂನು ಇನ್ನೊಂದು ಮಗುವಿಗೆ ಬರಬಾರದೆಂದು ಸ್ಟೈನ್‌ಮೆಟ್ಸ್ ಮದುವೆಯನ್ನೇ ಮಾಡಿಕೊಳ್ಳಲಿಲ್ಲ. ವಂಶಪಾರಂಪರ್ಯದ ಕಾಯಿಲೆಯಿದ್ದ ದಂಪತಿಗಳೊಡನೆ ಇಂಥ ಮಾತಾಡುವ ಸಂದರ್ಭ ನಮಗೆ ಬಂದಿದೆ. ಅದು ಎಷ್ಟು ಭಾರದ ನಿರ್ಧಾರವೆಂದು ಬಲ್ಲೆವು. ಆದರೆ ಅವರು ಒಂಟಿಯಾಗಿ ಉಳಿಯಲಿಲ್ಲ. ಪ್ರಯೋಗಾಲಯದ ಸಹಾಯಕ ಜೋಸೆಫ್ ಹೇಡನ್ 1903ರಲ್ಲಿ ಮದುವೆಯಾದಾಗ, ವೆಂಡೆಲ್ ಅವೆನ್ಯೂದ ತಮ್ಮ ದೊಡ್ಡ ಮನೆಗೇ ಬಂದಿರಿ ಎಂದು ದಂಪತಿಗಳನ್ನು ಕರೆದರು. ಕೆಲಸ ಎಷ್ಟೇ ಇರಲಿ, ಊಟಕ್ಕೆ ಹೊತ್ತಿಗೆ ಸರಿಯಾಗಿ ಬರಬೇಕೆಂಬುದು ಸೊಸೆ ಕೊರಿನ್ ಹಾಕಿದ ಷರತ್ತು. ಹೇಡನ್‌ರನ್ನು ಕಾನೂನುಬದ್ಧವಾಗಿ ಮಗನಾಗಿ ಸ್ವೀಕರಿಸಿದರು. ಮೂವರು ಮಕ್ಕಳಾದರು, ಅವರಿಗೆ ಇವರೇ ಅಜ್ಜ. ಈ ಅಜ್ಜ ಮನೆಯಲ್ಲಿ ಮೊಸಳೆಗಳ ಅಮೆರಿಕನ್ ನೆಂಟ ಆಲಿಗೇಟರ್ ಸಾಕಿದ್ದರೆಂದರೆ ಮಕ್ಕಳ ಸಂಭ್ರಮ ಊಹಿಸಬಹುದು. ಬೇಸಿಗೆಯಲ್ಲಿ ಮೊಹಾಕ್ ನದಿಯ ಬಳಿಯ ಶಿಬಿರದಲ್ಲಿ, ದೋಣಿಗೆ ಅಡ್ಡಲಾಗಿ ಹಲಗೆಯಿಟ್ಟು, ಬಾಯಲ್ಲಿ ಚುಟ್ಟಾ ಕಚ್ಚಿ, ಲೆಕ್ಕ ಬರೆಯುತ್ತಿದ್ದರು. ಚುಟ್ಟಾದ ಬಗ್ಗೆ ವೈದ್ಯರಾಗಿ ನಾವೇನೂ ಹೇಳುವುದಿಲ್ಲ.

ಸಮಾಜವಾದವನ್ನು ಕೊನೆಯ ತನಕ ಬಿಡಲಿಲ್ಲ. ಊರಿನ ಶಿಕ್ಷಣ ಮಂಡಳಿಯ ಅಧ್ಯಕ್ಷರಾದಾಗ ವಲಸಿಗರ ಮಕ್ಕಳಿಗೂ ವಿಶೇಷ ಆರೈಕೆ ಬೇಕಾದ ಮಕ್ಕಳಿಗೂ ಪ್ರತ್ಯೇಕ ತರಗತಿ ತೆರೆಸಲು ಮುತುವರ್ಜಿ ವಹಿಸಿದರು. ಸುಮಾರು 200 ಪೇಟೆಂಟುಗಳು ಅವರ ಹೆಸರಿನಲ್ಲಿದ್ದವು. 1922ರಲ್ಲಿ ಪ್ರಯೋಗಾಲಯದಲ್ಲೇ ಸಿಡಿಲು ಉಂಟುಮಾಡಿ, ವಿದ್ಯುತ್ ಮಾರ್ಗಗಳನ್ನು ಸಿಡಿಲಿನಿಂದ ಕಾಯುವ ಉಪಕರಣಗಳನ್ನು ಪರೀಕ್ಷಿಸಿದರು. ಕಿವಿ ಕೇಳದ ಎಡಿಸನ್ ಆ ವರ್ಷ ನೋಡಲು ಬಂದಿದ್ದರು.

ಬಗ್ಗಿದ ಬೆನ್ನು ಶ್ವಾಸಕೋಶವನ್ನು ಒತ್ತುತ್ತದೆ, ವರ್ಷಗಳು ಕಳೆದಂತೆ ಹೃದಯ ದಣಿಯುತ್ತದೆ. 1923ರಲ್ಲಿ ಹೇಡನ್ ಕುಟುಂಬದೊಡನೆ ಪಶ್ಚಿಮ ತೀರದವರೆಗೆ ಸುತ್ತಿ ಬಂದ ಸ್ಟೈನ್‌ಮೆಟ್ಸ್, ಅಕ್ಟೋಬರ್ 26ರಂದು ವೆಂಡೆಲ್ ಅವೆನ್ಯೂದ ಮನೆಯಲ್ಲಿ ಹೃದಯ ನಿಂತು ತೀರಿಕೊಂಡರು. ವಯಸ್ಸು 58. ಮಗ, ಸೊಸೆ, ಮೊಮ್ಮಕ್ಕಳ ಸಂಸಾರ ಇದ್ದುದೂ ಅದೇ ಮನೆಯಲ್ಲಿ.