ಆಂದ್ರೆ ಅಡೋಲ್ಫ್ ಯೂಜೀನ್ ಡಿಸ್ಡೇರಿ

ಆಂದ್ರೆ ಅಡೋಲ್ಫ್ ಯೂಜೀನ್ ಡಿಸ್ಡೇರಿ (28 ಮಾರ್ಚ್ 1819 – 4 ಅಕ್ಟೋಬರ್ 1889) ಫ್ರಾನ್ಸಿನ ಛಾಯಾಗ್ರಾಹಕ. ಭೇಟಿಚೀಟಿಯ ಅಳತೆಯ ಪುಟ್ಟ ಭಾವಚಿತ್ರಕ್ಕೆ 1854ರಲ್ಲಿ ಪೇಟೆಂಟ್ ಪಡೆದವನು ಈತ. 'ಕಾರ್ತ್ ದ ವಿಸೀತ್' ಎಂದು ಹೆಸರಾದ ಈ ಚಿತ್ರಗಳನ್ನು ಸಂಗ್ರಹಿಸುವ ಹುಚ್ಚು 1860ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕಗಳನ್ನು, ವಿಶೇಷವಾಗಿ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡನ್ನು ಆವರಿಸಿತು.

ಆರಂಭಿಕ ಜೀವನ

ಡಿಸ್ಡೇರಿ ಹುಟ್ಟಿದ್ದು ಪ್ಯಾರಿಸ್ ನಗರದಲ್ಲಿ. ಚಿತ್ರಕಲೆ ಮತ್ತು ರಂಗಭೂಮಿಗಳಲ್ಲಿ ಆಸಕ್ತಿಯಿದ್ದ ಆತ ಜೀವನೋಪಾಯಕ್ಕಾಗಿ ಕೆಲವು ವ್ಯಾಪಾರಗಳನ್ನೂ ಮಾಡಿ ನೋಡಿದ. ಯಾವುದೂ ಕೈಹಿಡಿಯಲಿಲ್ಲ. 1840ರ ದಶಕದ ಕೊನೆಯ ವೇಳೆಗೆ ಬ್ರೆಸ್ಟ್ ಎಂಬ ಬಂದರು ಪಟ್ಟಣದಲ್ಲಿ ಛಾಯಾಗ್ರಹಣವನ್ನು ವೃತ್ತಿಯಾಗಿ ಆರಂಭಿಸಿದ. ಪತ್ನಿ ಜೆನೆವಿಯೆವ್ ಎಲಿಸಬೆತ್ ಈ ಕೆಲಸದಲ್ಲಿ ಸಹಭಾಗಿಯಾಗಿದ್ದಳು. ಆತ ನೀಮ್ ಪಟ್ಟಣಕ್ಕೆ, ಅಲ್ಲಿಂದ ಪ್ಯಾರಿಸ್‌ಗೆ ಹೋದ ಮೇಲೂ ಬ್ರೆಸ್ಟ್‌ನ ಸ್ಟುಡಿಯೋವನ್ನು ನಡೆಸಿಕೊಂಡು ಬಂದವಳು ಆಕೆಯೇ. ಫ್ರಾನ್ಸಿನ ಮೊದಲ ವೃತ್ತಿನಿರತ ಛಾಯಾಗ್ರಾಹಕಿಯರಲ್ಲಿ ಒಬ್ಬಳಾದ ಆಕೆಯ ಹೆಸರು ಗಂಡನ ಖ್ಯಾತಿಯ ನೆರಳಿನಲ್ಲಿ ಬಹುಕಾಲ ಮರೆಯಾಗಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು.

1854ರ ಪೇಟೆಂಟ್

ಭಾವಚಿತ್ರ ಆಗ ಸಿರಿವಂತರ ಸೊತ್ತು. ಒಂದು ಗಾಜಿನ ಫಲಕಕ್ಕೆ ಒಂದೇ ಚಿತ್ರ. ಅದನ್ನು ಸಿದ್ಧಪಡಿಸುವ ಶ್ರಮವೂ ರಾಸಾಯನಿಕಗಳ ವೆಚ್ಚವೂ ಆ ಒಂದೇ ಚಿತ್ರದ ಮೇಲೆ ಬೀಳುತ್ತಿದ್ದವು. ಡಿಸ್ಡೇರಿಯ ಪರಿಹಾರ ಬಹಳ ಸರಳವಾಗಿತ್ತು. ನಾಲ್ಕು ಮಸೂರಗಳ ಕ್ಯಾಮೆರಾದಲ್ಲಿ ಫಲಕದ ಒಂದು ಅರ್ಧಕ್ಕೆ ಚಿತ್ರಗಳನ್ನು ತೆಗೆದು, ಫಲಕವನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಅರ್ಧವನ್ನು ಬಳಸಿಕೊಳ್ಳುವುದು. ಹೀಗೆ ಒಂದೇ ಫಲಕದಲ್ಲಿ ಎಂಟು ಚಿತ್ರಗಳು ಮೂಡುತ್ತಿದ್ದವು. ಮಸೂರಗಳನ್ನು ಒಟ್ಟಿಗೆ ತೆರೆದರೆ ಒಂದೇ ಭಂಗಿ, ಒಂದೊಂದಾಗಿ ತೆರೆದರೆ ಬೇರೆ ಬೇರೆ ಭಂಗಿಗಳು. ಮೊಟ್ಟೆಯ ಬಿಳಿಭಾಗವನ್ನು ಲೇಪಿಸಿದ ತೆಳುಕಾಗದದ ಮೇಲೆ ಇವೆಲ್ಲವನ್ನೂ ಒಮ್ಮೆಗೇ ಮುದ್ರಿಸಿ, ಕತ್ತರಿಸಿ, ಸುಮಾರು 10 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ರಟ್ಟಿಗೆ ಅಂಟಿಸಲಾಗುತ್ತಿತ್ತು. ಕತ್ತರಿಸಿ ಅಂಟಿಸುವ ಕೆಲಸಕ್ಕೆ ಛಾಯಾಗ್ರಾಹಕನೇ ಬೇಕಿರಲಿಲ್ಲ. ಬೆಲೆ ಇಳಿಯಲು ಇದೂ ಒಂದು ಕಾರಣ. ಕೆಳಗೆ ಸ್ಟುಡಿಯೋದ ಹೆಸರು ಅಚ್ಚಾದ, ರಟ್ಟಿನ ಮೇಲಿನ ಹಳೆಯ ಪಟಗಳನ್ನು ಅಜ್ಜಿಯ ಮನೆಯ ಪೆಟ್ಟಿಗೆಯಲ್ಲಿ ಕಂಡವರಿಗೆ ಇದರ ರೂಪವನ್ನು ಊಹಿಸಿಕೊಳ್ಳುವುದು ಕಷ್ಟವಾಗದು.

ಭೇಟಿಚೀಟಿಯಂತಹ ಭಾವಚಿತ್ರದ ಕಲ್ಪನೆ ಪೂರ್ತಿಯಾಗಿ ಡಿಸ್ಡೇರಿಯದಲ್ಲ. ಮಾರ್ಸೇಲ್ಸ್‌ನ ಲೂಯಿ ದೊದೆರೊ ಮೊದಲಾದವರು ಈ ದಿಕ್ಕಿನಲ್ಲಿ ಮೊದಲೇ ಪ್ರಯತ್ನಿಸಿದ್ದರು. ಅದನ್ನು ಅಗ್ಗದ, ಹೇರಳವಾದ ಉತ್ಪಾದನೆಯಾಗಿ ಮಾರ್ಪಡಿಸಿದ್ದು ಮಾತ್ರ ಡಿಸ್ಡೇರಿ. ಯಶಸ್ಸು ಕೂಡಲೇ ಬರಲಿಲ್ಲ. 1855ರ ಪ್ಯಾರಿಸ್ ವಿಶ್ವ ಪ್ರದರ್ಶನದ ಚಿತ್ರಗಳನ್ನು ತೆಗೆಯಲು ಕಂಪನಿ ಕಟ್ಟಿದ ಆತ ಮರುವರ್ಷವೇ ದಿವಾಳಿಯಾದ.

ಖ್ಯಾತಿಯ ದಿನಗಳು

1859ರಲ್ಲಿ ಇಟಲಿಯ ಯುದ್ಧಕ್ಕೆ ಹೊರಟಿದ್ದ ಮೂರನೆಯ ನೆಪೋಲಿಯನ್ ದಾರಿಯಲ್ಲಿ ಸೈನ್ಯವನ್ನು ನಿಲ್ಲಿಸಿ ಡಿಸ್ಡೇರಿಯ ಸ್ಟುಡಿಯೋದೊಳಗೆ ಹೋಗಿ ಚಿತ್ರ ತೆಗೆಸಿಕೊಂಡನೆಂಬ ಕಥೆ ಬಹಳ ಪುಸ್ತಕಗಳಲ್ಲಿದೆ. ಇದಕ್ಕೆ ಸಮಕಾಲೀನ ಆಧಾರವಿಲ್ಲವೆಂದು ಇತಿಹಾಸಕಾರರು ತೋರಿಸಿದ್ದಾರೆ. ಕಥೆ ಸೊಗಸಾಗಿದೆ ಎಂಬ ಕಾರಣಕ್ಕೇ ಉಳಿದುಕೊಂಡಿರಬೇಕು. ಚಕ್ರವರ್ತಿಯ ಮನೆತನ ಡಿಸ್ಡೇರಿಯ ಕ್ಯಾಮೆರಾದ ಮುಂದೆ ಕುಳಿತದ್ದು ಮಾತ್ರ ನಿಜ. ಆ ಚಿತ್ರಗಳು ಅಂಗಡಿಗಳಲ್ಲಿ ಮಾರಾಟವಾದವು. ಪ್ಯಾರಿಸ್‌ನ ಬುಲೆವಾರ್ಡ್ ದೆಸ್ ಇತಾಲಿಯೆನ್‌ನಲ್ಲಿದ್ದ ಆತನ ಸ್ಟುಡಿಯೋಗೆ ಶ್ರೀಮಂತರು, ನಟಿಯರು, ವ್ಯಾಪಾರಿಗಳು ಬರತೊಡಗಿದರು. ಲಂಡನ್ನಿನಲ್ಲಿಯೂ ಆತ ಶಾಖೆ ತೆರೆದ.

ಇಂಗ್ಲೆಂಡಿನಲ್ಲಿ ಈ ಹುಚ್ಚು ಏರಿದ್ದು 1860ರಲ್ಲಿ, ಜಾನ್ ಮೇಯಾಲ್ ರಾಜಕುಟುಂಬದ ಚಿತ್ರಗಳನ್ನು ಪ್ರಕಟಿಸಿದ ನಂತರ. ಸ್ವತಃ ರಾಣಿಯೇ ಉತ್ಸಾಹದ ಸಂಗ್ರಾಹಕಿಯಾಗಿದ್ದಳು. 1861ರ ಡಿಸೆಂಬರಿನಲ್ಲಿ ರಾಜಕುಮಾರ ಆಲ್ಬರ್ಟ್ ತೀರಿಕೊಂಡಾಗ ಆತನ ಚಿತ್ರಗಳಿಗೆ ಅಪಾರ ಬೇಡಿಕೆ ಉಂಟಾಯಿತು. ಲಂಡನ್ನಿನಲ್ಲಿ ಹೆಸರು ಮಾಡಿದ ಇನ್ನೊಬ್ಬ ಫ್ರೆಂಚ್ ಛಾಯಾಗ್ರಾಹಕ ಕಮೀಲ್ ಸಿಲ್ವಿಯ ದಿನವಹಿಗಳು ಇಂದಿಗೂ ಅಲ್ಲಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ. ಈ ಅಳತೆಯ ಚಿತ್ರಗಳನ್ನು ತೂರಿಸಿಡಲೆಂದೇ ಕಿಂಡಿಗಳಿದ್ದ ಆಲ್ಬಮ್‌ಗಳು ಮಾರುಕಟ್ಟೆಗೆ ಬಂದವು. ರಾಣಿಯ ಚಿತ್ರವಿದ್ದ ಆಲ್ಬಮ್‌ನಲ್ಲೇ ಮನೆಯ ಸೋದರತ್ತೆಯ ಚಿತ್ರವೂ ಇರುತ್ತಿತ್ತು. ಎರಡರ ಅಳತೆಯೂ ಒಂದೇ, ಹಿಂದಿನ ಕಂಬ, ಪರದೆಗಳೂ ಹೆಚ್ಚುಕಡಿಮೆ ಒಂದೇ. ಹಿಂದಿನ ಯಾವ ಕಾಲದಲ್ಲೂ ಇದು ಸಾಧ್ಯವಿರಲಿಲ್ಲ.

ಡಿಸ್ಡೇರಿ 1862ರಲ್ಲಿ ಛಾಯಾಗ್ರಹಣ ಕಲೆಯ ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ಭಾವಚಿತ್ರ ವ್ಯಕ್ತಿಯ ಸ್ವಭಾವವನ್ನು ತೋರಬೇಕೆಂಬುದು ಅಲ್ಲಿನ ನಿಲುವು. ಆದರೆ ಆತನ ಚಿತ್ರಗಳಲ್ಲಿ ದೇಹವೆಲ್ಲ ಕಾಣುವಂತೆ ನಿಂತ ವ್ಯಕ್ತಿಯ ಉಡುಪೇ ಎದ್ದುಕಾಣುತ್ತದೆ, ಮುಖ ಬಟಾಣಿ ಕಾಳಿನಷ್ಟಿರುತ್ತದೆ. ಸಮಕಾಲೀನನಾದ ನಾದಾರ್ ತೆಗೆದ ಭಾವಚಿತ್ರಗಳ ಪಕ್ಕದಲ್ಲಿಟ್ಟರೆ ಈ ಕೊರತೆ ಸ್ಪಷ್ಟವಾಗುತ್ತದೆ.

ಅವನತಿ ಮತ್ತು ನಿಧನ

ಪೇಟೆಂಟ್ ಇದ್ದರೂ ಆತನ ವಿಧಾನವನ್ನು ಅನುಸರಿಸುವವರನ್ನು ತಡೆಯಲಾಗಲಿಲ್ಲ. ಊರೂರಿನಲ್ಲೂ ಸ್ಟುಡಿಯೋಗಳು ತೆರೆದವು, ಬೆಲೆ ಮತ್ತಷ್ಟು ಕುಸಿಯಿತು. ಎಲ್ಲರಿಗೂ ಎಟುಕುವಂತೆ ಆತ ಮಾಡಿದ ವಸ್ತುವಿನಿಂದ ಆತನೇ ಬದುಕಲಾಗದ ಸ್ಥಿತಿ ಬಂತು. ಮನಬಂದಂತೆ ಖರ್ಚು ಮಾಡುವ ಸ್ವಭಾವವೂ ಇದಕ್ಕೆ ಸೇರಿಕೊಂಡಿತು. 1866ರ ಸುಮಾರಿಗೆ ಬಂದ, ಅಳತೆಯಲ್ಲಿ ದೊಡ್ಡದಾದ ಕ್ಯಾಬಿನೆಟ್ ಚಿತ್ರ ಕ್ರಮೇಣ ಪುಟ್ಟ ಚಿತ್ರದ ಜಾಗವನ್ನು ಹಿಡಿಯಿತು. 1870ರಲ್ಲಿ ಚಕ್ರಾಧಿಪತ್ಯವೇ ಉರುಳಿತು. 1871ರ ಪ್ಯಾರಿಸ್ ಕಮ್ಯೂನ್ ದಂಗೆಯ ನಂತರ ನಗರದ ಅವಶೇಷಗಳನ್ನು ಡಿಸ್ಡೇರಿ ಚಿತ್ರಿಸಿದ. ಶವಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿಸಿದ ಬಂಡುಕೋರರ ಪ್ರಸಿದ್ಧ ಚಿತ್ರವೂ ಆತನದೇ ಎಂದು ಹೇಳಲಾಗುತ್ತದೆ.

1870ರ ದಶಕದ ಉತ್ತರಾರ್ಧದಲ್ಲಿ ಪ್ಯಾರಿಸ್ ಬಿಟ್ಟು ನೀಸ್‌ನಲ್ಲಿ ನೆಲೆಸಿದ ಡಿಸ್ಡೇರಿ ಕಡೆಗೆ ಬರಿಗೈಯಲ್ಲಿ ಪ್ಯಾರಿಸ್‌ಗೆ ಮರಳಿ, 1889ರಲ್ಲಿ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ನಿಧನನಾದ. ಕತ್ತರಿಸದೆ ಉಳಿದ ಆತನ ಹಾಳೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಒಬ್ಬರೇ ವ್ಯಕ್ತಿ ಭಂಗಿ ಬದಲಿಸುತ್ತ ಎಂಟು ಸಲ ಕಾಣಿಸಿಕೊಳ್ಳುವುದನ್ನು ಅವುಗಳಲ್ಲಿ ನೋಡಬಹುದು.